ಬೆಲ್ ಒತ್ತಿ ಬರುವ ಮಗಳು

ಅಕ್ಕನಿಗೆ ತಂಗಿಯ ನಮಸ್ಕಾರ.

ಮೊಣಕಾಲು ನೋವು ಇಳಿದಿದೆ, ಇಸ್ತ್ರಿ ಅಂಗಡಿಯ ಕೆಲಸವೂ ಕೈಗೆ ಹತ್ತಿದೆ. ಆದರೆ ನಾನು ಉಳಿದುಕೊಂಡಿರುವ ಅಂಗಡಿ ಒಡತಿಯ ಈ ಮನೆಯಲ್ಲಿ ಏನೋ ಇದೆ ಅಂತ ಬಂದ ದಿನದಿಂದ ನನಗೆ ಅನುಮಾನ. ಒಡತಿಯ ಮಗಳು ಇರುವುದು ಇದೇ ಮನೆಯ ಮಹಡಿಯಲ್ಲಿ. ಆದರೂ ಕೆಳಗೆ ಅಮ್ಮನ ಹತ್ತಿರ ಊಟಕ್ಕೆ ಬರಬೇಕಾದರೆ ಮೂರು ದಿನ ಮುಂಚೆ ಕೇಳುತ್ತಾಳೆ, ಬೆಲ್ ಒತ್ತಿ ಬಾಗಿಲಲ್ಲೇ ಕಾಯುತ್ತಾಳೆ, ಉಂಡ ತಟ್ಟೆ ತೊಳೆದಿಟ್ಟು ಹೋಗುತ್ತಾಳೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಆಸ್ತಿ ಜಗಳವೇ ಇರಬೇಕೆಂದು ನಿನ್ನೆ ರಾಜಿ ಮಾಡಿಸಲು ಹೊರಟೆ.

"ಅಮ್ಮನ ಜೊತೆ ಮಾತು ಬಿಟ್ಟಿದೀರಾ?" ಎಂದೆ.

ಅವಳು ಕಣ್ಣುಕಣ್ಣು ಬಿಟ್ಟಳು. "ನಮ್ಮಮ್ಮ ಅಂದ್ರೆ ನಂಗೆ ಪ್ರಾಣ! ಹೇಳದೆ ನುಗ್ಗಿ ತೊಂದ್ರೆ ಕೊಡಬಾರ್ದು ಅಂತಾನೇ ಕೇಳಿ ಬರ್ತೀನಿ. ಅದಿರ್ಲಿ, ನಿಮ್ಮಕ್ಕ ದಿನಕ್ಕೆ ಆರು ಸಲ ಫೋನ್ ಮಾಡಿ ಎಲ್ಲಿದೀಯ, ಏನು ತಿಂದೆ ಅಂತ ವಿಚಾರಿಸ್ತಾರಂತಲ್ಲ, ನೀವು ಊರಲ್ಲಿ ಏನು ತಪ್ಪು ಮಾಡಿ ಬಂದಿದೀರಿ?" ಎಂದಳು.

ಪ್ರೀತಿಯಿಂದ ಕೇಳುತ್ತಾಳೆ ಎಂದೆ. ನಂಬಲಿಲ್ಲ. ಈಗ ನಿನ್ನ ಫೋನ್ ಬಂದರೆ ನನಗೂ ಅನುಮಾನ. ಫೋನಿನಲ್ಲೇ ಕೇಳೋಣವೆಂದರೆ ಅವಳು ಕಿವಿಗೊಟ್ಟು ನಿಂತಿರುತ್ತಾಳೆ, ಅದಕ್ಕೇ ಈ ಅಂಚೆ ಕಾರ್ಡು. ನಿಜ ಹೇಳಕ್ಕಾ, ಪ್ರೀತಿಯಿಂದಲೇ ಕೇಳುತ್ತೀಯ ತಾನೆ?

ಜಾಗ ಮುಗಿಯಿತು.

ನಿನ್ನ ತಂಗಿ

ಊಟ ಆಯಿತು. ಏನು ತಿಂದೆ ಅಂತ ಮಾತ್ರ ಹೇಳುವುದಿಲ್ಲ.