ಒಂಬತ್ತು ರಬ್ಬರ್ ಗಿಡ, ಒಂದು ಗಡಿಗೆ ಅಂಬಲಿ

ಉಮರ್ಗಾ, ೨೦೨೬ ಏಪ್ರಿಲ್ ೧೨. ಯೆಣೆಗೂರಿನ ಹೊಲದಲ್ಲಿ ನೆಟ್ಟ ರಬ್ಬರ್ ಗಿಡಗಳು ಅರವತ್ತು. ಉಳಿದವು ಒಂಬತ್ತು.

ರಬ್ಬರ್ ಪ್ರಯೋಗ ಯೋಜನೆಯ ಮಾನ್ಯ ಅಧಿಕಾರಿಗಳೇ,

ಐವತ್ತೊಂದು ಗಿಡಗಳನ್ನು ಕೊಂದದ್ದು ಅಂಬಲಿ ಎಂದು ತಮ್ಮ ಕಚೇರಿ ಹೊಲದ ಒಡತಿ, ನನ್ನ ಅಕ್ಕ ಚಂಪಾಬಾಯಿಗೆ ನೋಟಿಸು ಕಳಿಸಿದೆ. ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಹೊಲಕ್ಕೆ ಉಣಿಸುತ್ತಾರೆ. ಜೋಳದ ಹಿಟ್ಟು, ಮಜ್ಜಿಗೆ ಕಲಸಿದ ಅಂಬಲಿಯನ್ನು ಬೆಳೆಯ ಸುತ್ತ ಚಿಮುಕಿಸುತ್ತಾರೆ. ಹೊಸಬರು ಉಪವಾಸ ಇರಬಾರದೆಂದು ಅಕ್ಕ ರಬ್ಬರಿಗೂ ಚಿಮುಕಿಸಿದಳು. ತಮ್ಮ ನೋಟಿಸಿನಲ್ಲಿ ಅದು ‘ಅನುಮತಿಯಿಲ್ಲದ ದ್ರಾವಣ’. ಅದೇ ಅಂಬಲಿ ಉಂಡ ಕಡಲೆ ಹೇಗೆ ಕಾಯಿ ಕಟ್ಟಿತೆಂದು ನೋಟಿಸು ವಿಚಾರಿಸಿಲ್ಲ.

ಅನುಮತಿಯಿದ್ದ ದ್ರಾವಣದ ಬಗ್ಗೆ ನಾನು ವಿಚಾರಿಸಬಹುದೇ? ಫೆಬ್ರುವರಿಯಲ್ಲಿ ತಮ್ಮ ಸಿಬ್ಬಂದಿ, ಬರ ತಾಳುವ ಪರೀಕ್ಷೆಗೆಂದು, ಎಲ್ಲ ಗಿಡಗಳಿಗೂ ಹಾರ್ಮೋನು ಸಿಂಪಡಿಸಿ, ಹನಿ ನೀರು ನಿಲ್ಲಿಸಿದರು. ಹತ್ತನೇ ದಿನ ಎಲೆ ಕಿತ್ತು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಒಯ್ದರು. ವರದಿ ಬಂದ ದಿನ ತಮ್ಮ ಸಹಾಯಕರು ಅಕ್ಕನಿಗೆ ಪೇಢೆ ತಂದಿದ್ದರು.

“ಬಾಯಿ, ನಿಮ್ಮ ಗಿಡದಾಗಿನ ಜೀನು ಎಂಟು ಪಟ್ಟು ಏರ್ಯಾದ್ರೀ! ಗಿಡ ಬರಾ ಗೆದ್ದದ.”

“ನನ್ನ ಮೊಮ್ಮಗಳಿಗಿ ಜ್ವರ ಏರಿದ್ರ ಆಕಿ ಗಟ್ಟಿ ಆಗ್ಯಾಳ ಅಂತ ಪೇಢೆ ಹಂಚ್ತೀರೇನ್ರೀ ಸಾಹೇಬ್ರ? ಎಲಿ ಜೋತು ಬಿದ್ದಾವ, ನೋಡ್ರಿ.”

“ಎಲಿ ಏನ್ ನೋಡ್ತೀರಿ ಬಾಯಿ, ರಿಪೋರ್ಟ್ ನೋಡ್ರಿ.”

ಆ ಸಂತೋಷದಲ್ಲಿ ಇನ್ನೂ ಒಂದು ತಿಂಗಳು ನೀರು ನಿಲ್ಲಿಸಲಾಯಿತು. ‘ಬರ ಗೆದ್ದ ತಳಿ’ ಎಂಬ ಫಲಕವೂ ಬಂತು.

ಅನುವಾದಿತ ಕಾದಂಬರಿಗಳನ್ನು ಓದಿ ಓದಿ, ಮೂಲದಲ್ಲಿ ಏನಿತ್ತೆಂದು ಕೇಳುವುದು ನನಗೆ ಅಭ್ಯಾಸ. ಅರ್ಜಿ ಹಾಕಿ ವರದಿ ತರಿಸಿದೆ. ನೀರು ಸಾಲದಾದಾಗ ಗಿಡವೇ ಒಳಗೆ ಅದೇ ಹಾರ್ಮೋನು ಹರಿಸುತ್ತದೆ. ಅದರ ಸುಳಿವು ಹಿಡಿದು ಕೆಲವು ಜೀನುಗಳು ಎಚ್ಚರಗೊಳ್ಳುತ್ತವೆ. ಏರಿಕೆ ಎಂದರೆ ಗಿಡಕ್ಕೆ ಕಷ್ಟ ತಿಳಿದಿದೆ ಎಂದಷ್ಟೇ ಅರ್ಥ. ಕಷ್ಟವನ್ನು ದಾಟುತ್ತದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು ಎಂದು ಪ್ರಯೋಗಾಲಯ ಕೊನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ. ಆ ಪುಟ ಕಚೇರಿಯಲ್ಲಿ ಯಾರಿಗೂ ಬೇಕಾಗಲಿಲ್ಲವೇ? ಸಹಾಯಕ್ಕೆ ಕೂಗಿದವನ ದನಿ ಜೋರಾಗಿದೆಯೆಂದು ಅವನ ಆರೋಗ್ಯವನ್ನು ಮೆಚ್ಚಿದಂತಾಯಿತು.

ಉಳಿದ ಒಂಬತ್ತೂ ಒಂದೇ ಸಾಲಿನವು. ಅಲ್ಲಿನ ವಾಲ್ವು ಮುಚ್ಚಿದರೂ ಸೋರುತ್ತಿತ್ತು. ಅವಕ್ಕೂ ಅಂಬಲಿ ಬಿದ್ದಿತ್ತು, ಹಾರ್ಮೋನೂ ಬಿದ್ದಿತ್ತು. ತಮ್ಮ ಯೋಜನೆಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಆ ಕೆಟ್ಟ ವಾಲ್ವು ಒಂದೇ.

ಈಗ ಇಪ್ಪತ್ತನೇ ತಾರೀಖಿನೊಳಗೆ ಅಕ್ಕ ತಪ್ಪೊಪ್ಪಿಗೆಗೆ ಸಹಿ ಹಾಕಬೇಕು. ಇಲ್ಲವಾದರೆ ಹನಿ ನೀರಿನ ಪೈಪು ವಾಪಸು. ಸಹಿ ಬಿದ್ದರೆ ಒಂಬತ್ತು ಗಿಡಗಳಿಗೆ ನೀರು ಸಿಗುತ್ತದೆ, ತಳಿ ನಿರ್ದೋಷಿಯಾಗುತ್ತದೆ, ಮುಂಗಾರಿಗೆ ನಿಲಂಗಾ, ಉದಗೀರಿನ ಹೊಲಗಳಿಗೂ ಅದೇ ಸಸಿ ಹೋಗುತ್ತದೆ. ನನ್ನ ಬೇಡಿಕೆ ಇಷ್ಟೇ: ನೋಟಿಸು ಹಿಂಪಡೆಯಿರಿ, ಹಂಚಿಕೆ ನಿಲ್ಲಿಸಿ, ಕೊನೆಯ ಪುಟವನ್ನು ಆ ಫಲಕದ ಮೇಲೆಯೇ ಅಂಟಿಸಿ.

ಸಹಿ ಹಾಕುವುದಿಲ್ಲವೆಂದು ಅಕ್ಕ ಇಂದು ತೀರ್ಮಾನಿಸಿದ್ದಾಳೆ. ಇಪ್ಪತ್ತರಂದು ಪೈಪನ್ನು ತಾನೇ ಸುತ್ತಿ, ತಾವು ಉಂಡು ನೋಡಲೆಂದು ಜೊತೆಗೊಂದು ಗಡಿಗೆ ಅಂಬಲಿ ಇಟ್ಟು ಕಚೇರಿಗೆ ತರುತ್ತಾಳೆ. ಗಿಡಗಳಿಗೆ ಕೊಡದಲ್ಲಿ ನೀರು ಹೊರುತ್ತಾಳಂತೆ. ಪೈಪು ಸದ್ಯಕ್ಕೆ ಗಿಡಗಳ ಬುಡದಲ್ಲಿಯೇ ಇದೆ. ಇಂದು ಬೆಳಿಗ್ಗೆಯೂ ಹನಿಯುತ್ತಿತ್ತು.

ಇಂತಿ,
ಕೊನೆಯ ಪುಟದವರೆಗೂ ಓದುವ ಕೆಟ್ಟ ಚಟದ,
ಗುರುಲಿಂಗಪ್ಪ, ಬಟ್ಟೆ ವ್ಯಾಪಾರಿ