ಅಮಾವಾಸ್ಯೆಗೆ ತಿಕ್ಕುವ ಒಲೆ

ಬೆಟಗೇರಿ
೨೨ ಸೆಪ್ಟೆಂಬರ್ ೨೦೨೫, ಸೋಮವಾರ

ಪ್ರೀತಿಯ ಸ್ನೇಹಾ,

ನಿನ್ನ ಅತ್ತೆ ಅಮೃತವ್ವನ ಆಶೀರ್ವಾದ. ಹೇಗಿದ್ದೀ ತಾಯೀ? ಮುಂಡರಗಿಯಲ್ಲಿ ನಿನ್ನ ಅವ್ವನ ಕೈಯ ಊಟ ಉಂಡು ಮೈ ಸ್ವಲ್ಪವಾದರೂ ತುಂಬಿಕೊಂಡಿದೆಯೋ, ಅಥವಾ ಇಲ್ಲಿಂದ ಹೋಗುವಾಗ ಇದ್ದ ಹಾಗೆಯೇ ಕಡ್ಡಿಯಾಗಿದ್ದೀಯೋ? ಅವ್ವನ ಮೊಣಕಾಲು ನೋವು ಹೇಗಿದೆ? ಎಣ್ಣೆ ಬಿಸಿ ಮಾಡಿ ತಿಕ್ಕು, ಆಕೆ ಬೇಡ ಅಂದರೂ ಕೇಳಬೇಡ. ನಾನು ಆರಾಮಾಗಿದ್ದೇನೆ. ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಿಲ್ಲ. ಒಂದೆರಡು ಸಲ ತಪ್ಪಿಸಿದ್ದರೂ ಅದನ್ನು ನಿನಗೆ ಬರೆಯುವಷ್ಟು ದಡ್ಡಿ ನಾನಲ್ಲ. ಫೋನು ಇರುವಾಗ ಈ ಮುದುಕಿ ಕಾಗದ ಯಾಕೆ ಬರೆದಳು ಅಂತ ನಗಬೇಡ. ಫೋನಿನಲ್ಲಿ ನೀನು ‘ಅತ್ತೀ’ ಅಂದ ಕೂಡಲೇ ಇಬ್ಬರೂ ಮೂಗು ಒರೆಸಿಕೊಳ್ಳುತ್ತ ಕೂರುತ್ತೇವೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಪೆನ್ನು ಹಿಡಿದರೆ ಏಳನೇ ಇಯತ್ತೆಯಲ್ಲಿ ಕಲಿತ ಶಾಲೆಯ ಕನ್ನಡವೇ ಬರುತ್ತದೆ, ಏನು ಮಾಡಲಿ.

ಹೋದ ವಾರ ನಿನ್ನ ಅಪ್ಪ ಉಳವಪ್ಪನವರು ಬಂದಿದ್ದರು. ಬಂದವರು ಎಷ್ಟೋ ಹೊತ್ತು ಮಳೆಯ ಮಾತು, ಶೇಂಗಾದ ಮಾತು ಆಡಿದರು. ಏನೋ ಹೊತ್ತು ತಂದಿದ್ದಾರೆ, ಇಳಿಸಲು ಜಾಗ ಸಿಗುತ್ತಿಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಕೊನೆಗೆ ನೆಲ ನೋಡುತ್ತ ಹೇಳಿದರು: “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಶಿರಹಟ್ಟಿ ಕಡಿಂದ ಒಂದು ಮಾತು ಬಂದೈತಿ. ಹುಡುಗ ಬಸ್ ಕಂಡಕ್ಟರ್ ಅದಾನ, ಹೆಂಡ್ತಿ ತೀರಿಕೊಂಡಾಳ. ಚೊಲೋ ಮಂದಿ. ನಮ್ಮ ಹುಡುಗಿ ಏನಂತಾಳಂದ್ರ, ಅತ್ತಿ ಹೂಂ ಅಂದ್ರ ಅಷ್ಟ, ಇಲ್ಲಾಂದ್ರ ಬೆಟಗೇರಿಗೆ ಹೊಳ್ಳಿ ಹೊಕ್ಕೇನಿ ಅಂತಾಳ.” ನಮ್ಮ ಮಂದಿಯಲ್ಲಿ ಉಡಕಿ ಹೊಸದಲ್ಲ. ಗಂಡ ಹೋದವಳಿಗೆ ಹೊಸ ಸೀರೆ ಉಡಿಸಿ ಮತ್ತೊಂದು ಮನೆಗೆ ಕಳಿಸುವುದು ಹಿಂದಿನಿಂದಲೂ ನಡೆದು ಬಂದದ್ದೇ. ಆದರೂ ನನಗೆ ಮೈಯೆಲ್ಲ ಉರಿ ಹತ್ತಿತು. ಪಂಚಮಿಗೆ ಜೋಕಾಲಿ ಆಡಿ ಬರಲಿ ಅಂತ ತವರಿಗೆ ಕಳಿಸಿದರೆ ಇವರು ನನ್ನ ಸೊಸೆಯನ್ನೇ ಇಟ್ಟುಕೊಳ್ಳುತ್ತಾರಲ್ಲ ಅನ್ನಿಸಿತು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ಅವರು ಕೈ ತೊಳೆದ ಮೇಲೆ ಬಸ್ಸಿಗೆ ಹೊತ್ತಾಯಿತು ಅಂದೆ. ಪಾಪ, ಮಜ್ಜಿಗೆಯನ್ನೂ ಪೂರ್ತಿ ಕುಡಿಯದೆ ಎದ್ದು ಹೋದರು. ನೀನು ನನ್ನ ಮಾತಿಗಾಗಿ ಅಲ್ಲಿ ಕಾಯುತ್ತಿದ್ದೀ ಅಂತ ಗೊತ್ತಿದೆ. ಅದನ್ನು ಹೇಳುವ ಮೊದಲು ಒಲೆಯ ಸುದ್ದಿ ಹೇಳಬೇಕು, ಸ್ವಲ್ಪ ತಾಳ್ಮೆ ಇರಲಿ.

ನೀನು ಹೋದ ಮೇಲೆ ಒಲೆ ನನ್ನ ಮೇಲೆ ಮುನಿಸಿಕೊಂಡಿತ್ತು. ನಮ್ಮದು ರೊಟ್ಟಿ ಮಾರಿ ಬದುಕುವ ಮನೆ, ಒಲೆ ಮುನಿದರೆ ಮುಗಿಯಿತು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಅರಿವೆ ಸವರಿದಾಗಲೆಲ್ಲ ನೀರು ಅಂಚಿನಿಂದ ಇಳಿದು ಬರ್ನರಿಗೆ ಬೀಳುತ್ತದೆ, ಮೇಲಿನಿಂದ ಜೋಳದ ಹಿಟ್ಟು ಉದುರುತ್ತದೆ. ಎರಡೂ ಸೇರಿ ಸಿಮೆಂಟು ಹಾಕಿದ ಹಾಗೆ ತೂತು ಮುಚ್ಚಿ, ನೀಲಿ ಉರಿ ಹೋಗಿ ಹಳದಿ ಉರಿ ಬರುತ್ತಿತ್ತು. ಹಂಚಿನ ಕೆಳಗೆ ಮಸಿ, ರೊಟ್ಟಿಯ ಒಂದು ಮಗ್ಗುಲು ಹಸಿ. ಗದಗದ ಖಾನಾವಳಿಯವರು, “ಅಮೃತವ್ವಾರ, ರೊಟ್ಟಿ ಯಾಕೋ ಮೊದಲಿನಂಗ ಇಲ್ರಿ” ಅಂತ ಮುಖದ ಮೇಲೇ ಅಂದರು. ನನ್ನ ರೊಟ್ಟಿಗೆ ಆ ಮಾತು ಬಂತಲ್ಲ ಅಂತ ಊಟ ಸೇರಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ನೀನು ನನ್ನ ಜೊತೆ ಮೊದಲು ಜಗಳ ಆಡಿದ್ದೇ ಈ ಒಲೆಯ ಸಲುವಾಗಿ, ನೆನಪಿದೆಯೇ? ನಾನು ಮಣ್ಣಿನ ಒಲೆ ಸಾರಿಸಿ, ಮೂರು ಬೆರಳು ವಿಭೂತಿ ಎಳೆದು, ಹೂವಿಟ್ಟು, ಕೈ ಮುಗಿದು ಉರಿ ಹಚ್ಚುತ್ತಿದ್ದವಳು. ಗ್ಯಾಸು ಬಂದ ಮೇಲೂ ಅದನ್ನೇ ಮಾಡುತ್ತಿದ್ದೆ. ಒಂದು ತಂಬಿಗೆ ನೀರು ಸುರಿದು ತೊಳೆದು, ಒದ್ದೆ ವಿಭೂತಿಯನ್ನು ಬರ್ನರಿನ ತಲೆಯ ಮೇಲೇ ಎಳೆಯುತ್ತಿದ್ದೆ. ದಿನಾ ಬೆಳಿಗ್ಗೆ ಪೂಜೆ ಮಾಡಿ ದಿನಾ ಬೆಳಿಗ್ಗೆ ತೂತು ಮುಚ್ಚುತ್ತಿದ್ದೆ. ನೀನು ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂದಿದ್ದು: “ಅತ್ತೀ, ಒಲಿ ದೇವ್ರು ಖರೆ. ಆದ್ರ ದೇವ್ರ ಮೂಗಿನ್ಯಾಗ ವಿಭೂತಿ ತುಂಬಿದ್ರ ಉಸಿರು ಹ್ಯಾಂಗ ಆಡಬೇಕ್ರಿ?” ಎಂಥ ಬಾಯಿ ನಿನ್ನದು! ನಾನು ಎರಡು ದಿನ ಮಾತು ಬಿಟ್ಟೆ. ನನ್ನ ಮಗರಾಯ ಕೊಟ್ರೇಶ ನಮ್ಮಿಬ್ಬರ ನಡುವೆ ತಾಟು ಹಿಡಿದು ಕುಳಿತು, “ಯವ್ವಾ, ನೀ ಹೇಳೂದೂ ಖರೆ, ಆಕಿ ಹೇಳೂದೂ ಖರೆ, ಮೊದಲ ನನಗ ರೊಟ್ಟಿ ಕೊಡ್ರಿ” ಅಂದ. ಕಡೆಗೆ ವಿಭೂತಿ ಒಲೆಯ ಚೌಕಟ್ಟಿಗೆ, ಬರ್ನರಿಗೆ ಬರೀ ನಮಸ್ಕಾರ ಅಂತ ರಾಜಿಯಾಯಿತು.

ಆವತ್ತಿನಿಂದ ರೊಟ್ಟಿ ಬಡಿಯದ ಅಮಾವಾಸ್ಯೆಯ ದಿನ ನೀವಿಬ್ಬರೂ ಒಲೆ ತಿಕ್ಕಲು ಕೂರುತ್ತಿದ್ದಿರಿ. ಮೊದಲು ರೆಗ್ಯುಲೇಟರ್ ಬಂದ್, ಆಮೇಲೆ ಒಲೆ ಪೂರ್ತಿ ಆರುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಬರ್ನರ್ ಕಳಚಿ ಹುಣಸೆಹಣ್ಣಿನ ಬಿಸಿನೀರಲ್ಲಿ ನೆನೆಸಿ, ಒಂದೊಂದೇ ತೂತನ್ನು ಪಿನ್ನಿನಿಂದ ಬಿಡಿಸುವುದು. ಕಡ್ಡಿ ಬೇಡ, ಮುರಿದು ಒಳಗೇ ಕೂರುತ್ತದೆ ಅಂತ ನೀನು ಅನ್ನುತ್ತಿದ್ದೆ. ಒಲೆಯ ಮೈಗೆ ನೀರು ಸುರಿಯದೆ ಹಿಂಡಿದ ಅರಿವೆಯಿಂದ ಒರೆಸುವುದು. ಒಳಗೆ ಗ್ಯಾಸು ಚಿಮ್ಮುವ ಜೆಟ್ ತೂತಿಗೆ ಮಾತ್ರ ಪಿನ್ನು ತಾಗಿಸಬಾರದು, ಅದು ಮೆಕ್ಯಾನಿಕ್ ಮುಟ್ಟುವ ಜಾಗ. ಕೊಟ್ರೇಶ ತನ್ನ ಅಂಗಿಯ ಪಿನ್ನನ್ನೇ ಬಡಿದು ನೆಟ್ಟಗೆ ಮಾಡಿ, ಹಿಡಿಯಲು ದಾರ ಸುತ್ತಿ ಕೊಟ್ಟಿದ್ದನಲ್ಲ, ಅದು ಇನ್ನೂ ಮೊಳೆಗೇ ಜೋತು ಬಿದ್ದಿದೆ. ತೊಳೆದ ಬರ್ನರನ್ನು ಅವನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನೊಳಗಿಂದ ನಿನ್ನನ್ನೇ ನೋಡುತ್ತಿದ್ದ. “ಈ ತೂತಿನ್ಯಾಗ ಸ್ನೇಹಾ ಕಾಣವಲ್ಲಳು, ಇನ್ನೊಮ್ಮಿ ಚುಚ್ಚು” ಅನ್ನುತ್ತಿದ್ದ. ನೀನು ಸೋಪಿನ ನೊರೆ ಅವನ ಮುಖಕ್ಕೆ ಎರಚುತ್ತಿದ್ದೆ. ಹಿತ್ತಿಲು ತುಂಬ ನಗು. ಓಣಿಯವರು ಕೇಳಿಸಿಕೊಂಡಾರು ಅಂತ ನಾನು ಗದರುತ್ತಿದ್ದೆ, ಗದರಿ ಒಳಗೆ ಬಂದು ನಾನೂ ನಗುತ್ತಿದ್ದೆ.

ಲಕ್ಷ್ಮೇಶ್ವರಕ್ಕೆ ರೊಟ್ಟಿ ಕೊಟ್ಟು ಬರುವಾಗ ಅವನ ಬೈಕಿಗೆ ಲಾರಿ ಬಡಿದ ಸುದ್ದಿ ಬಂದಾಗ ಹಂಚಿನ ಮೇಲೆ ರೊಟ್ಟಿ ಇತ್ತು. ನಾನು ಬಾಗಿಲಲ್ಲೇ ಬಿದ್ದುಬಿಟ್ಟೆ. ಅಷ್ಟು ಮಂದಿಯ ಗದ್ದಲದಲ್ಲಿ ನೀನೊಬ್ಬಳೇ ಎದ್ದು ಒಳಗೆ ಹೋಗಿ ಗ್ಯಾಸು ಬಂದ್ ಮಾಡಿ ಬಂದು, ಆಮೇಲೆ ನನ್ನ ಪಕ್ಕ ಕುಸಿದೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು, ಓಣಿಯವರು ತಂದಿಟ್ಟ ಅನ್ನ ನಾವಿಬ್ಬರೂ ಮುಟ್ಟಲಿಲ್ಲ. ಅದರ ಮುಂದಿನ ಅಮಾವಾಸ್ಯೆಗೆ ನೀನು ಒಬ್ಬಳೇ ಒಲೆ ತಿಕ್ಕಲು ಕುಳಿತೆ. ಎಲ್ಲ ಮೊದಲಿನ ಹಾಗೆಯೇ ಮಾಡಿದೆ. ಆದರೆ ಬರ್ನರನ್ನು ಬಿಸಿಲಿಗೆ ಎತ್ತಿ ಹಿಡಿಯಲಿಲ್ಲ. ಬೆರಳಿನಿಂದ ಸವರಿ ನೋಡಿ ಪಕ್ಕಕ್ಕಿಟ್ಟೆ. ಆಮೇಲೆ ಬಂದ ಯಾವ ಅಮಾವಾಸ್ಯೆಗೂ ಎತ್ತಿ ಹಿಡಿಯಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ನಿನ್ನೆ ಮಹಾಲಯ ಅಮಾವಾಸ್ಯೆ. ನಿನ್ನ ಅಪ್ಪನ ಮಾತಿನ ಸಿಟ್ಟು ಇನ್ನೂ ಆರಿರಲಿಲ್ಲ. ಯಾರ ಹಂಗೂ ಬೇಡ, ನನ್ನ ಒಲೆ ನಾನೇ ತಿಕ್ಕಿಕೊಳ್ಳುತ್ತೇನೆ ಅಂತ ಕುಳಿತೆ. ನೀನು ಮಾಡಿದ್ದನ್ನೆಲ್ಲ ನೋಡಿದವಳೇ ಅಲ್ಲವೇ, ಸರಿಯಾಗಿಯೇ ಮಾಡಿದೆ. ಕೊನೆಗೆ ನನ್ನ ಹಟ ಎದ್ದಿತು. ಈಗ ನನ್ನನ್ನು ತಡೆಯುವವರು ಯಾರು ಅಂತ, ನೀರು ಆರದ ಬರ್ನರನ್ನೇ ಕೂರಿಸಿ, ಅದರ ತಲೆಯ ಮೇಲೇ ಒದ್ದೆ ವಿಭೂತಿ ಎಳೆದೆ. ನಿನ್ನ ಮೇಲಿನ ಸಿಟ್ಟನ್ನು ದೇವರ ಮೂಗಿನಲ್ಲಿ ತುಂಬಿದೆ ನೋಡು. ಚಹಾಕ್ಕೆ ಇಟ್ಟು ದೇವರ ಮನೆಗೆ ಹೋದೆ. ರೊಟ್ಟಿ ಬಡಿಯಲು ಬರುವ ದೇವವ್ವ ಚಹಾದ ವಾಸನೆ ಹಿಡಿದೇ ಬರುವವಳು, ನಿನಗೆ ಗೊತ್ತಲ್ಲ. ಒಳಗೆ ಬಂದು ಕೂಗಿದಳು: “ಅಮೃತಕ್ಕಾ, ಒಲಿ ಆರೈತಿ, ಹಚ್ಚಲೇನು?” ಅಷ್ಟರಲ್ಲಿ ನನ್ನ ಮೂಗಿಗೆ ಗ್ಯಾಸಿನ ನಾತ ಬಡಿಯಿತು. ಉರಿ ಆರಿ, ಗ್ಯಾಸು ಮಾತ್ರ ಸುಮ್ಮನೆ ಬರುತ್ತಿತ್ತು. ಅವಳ ಕೈಯಲ್ಲಿ ಕಡ್ಡಿಪೆಟ್ಟಿಗೆ. “ಕಡ್ಡಿ ಗೀರಬ್ಯಾಡ! ಸ್ವಿಚ್ಚೂ ಮುಟ್ಟಬ್ಯಾಡ!” ಅಂತ ಚೀರಿದೆ. ಸ್ನೇಹಾ, ಅದು ನನ್ನ ಮಾತಲ್ಲ, ನನ್ನ ಬಾಯಲ್ಲಿ ಬಂದ ನಿನ್ನ ಮಾತು. ಫ್ಯಾನ್ ಹಾಕಲು ಹೊರಟ ಅವಳ ಕೈ ಹಿಡಿದು ಎಳೆದೆ. ಒಲೆಯ ಗುಂಡಿ, ರೆಗ್ಯುಲೇಟರ್ ಎರಡೂ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಇಬ್ಬರೂ ಹೊರಗಿನ ಕಟ್ಟೆಗೆ ಬಂದು ಕುಳಿತೆವು. ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಆಮೇಲೆ ಪೈಪಿನ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ಪೈಪು ಮಾತ್ರ ಬಾಗಿದಲ್ಲಿ ಬಿರಿಯುವ ಹಾಗಿದೆ, ಹೊಸದಕ್ಕೆ ಹೇಳಿ ಕಳಿಸಿದ್ದೇನೆ.

ನಾತ ಹೋಗುವ ತನಕ ಆ ಕಟ್ಟೆಯ ಮೇಲೆ ಕುಳಿತು ನನ್ನದೇ ಬಾಳು ನೆನೆದೆ. ಕೊಟ್ರೇಶನನ್ನು ಸೊಂಟದಲ್ಲಿ ಹೊತ್ತಿರುವಾಗಲೇ ಅವನ ಅಪ್ಪ ಹೋದ. ಆಗ ನಿನಗಿಂತ ಸಣ್ಣವಳು ನಾನು. ಉಡಕಿಯ ಮಾತನ್ನು ನನ್ನ ತವರಿನವರೂ ಎತ್ತಲಿಲ್ಲ, ಈ ಮನೆಯವರೂ ಎತ್ತಲಿಲ್ಲ. ಮಗ ಇದ್ದಾನಲ್ಲ, ಒಲೆ ಇದೆಯಲ್ಲ ಅಂದರು. ಕೇಳಿದ್ದರೆ ಏನನ್ನುತ್ತಿದ್ದೆನೋ ನನಗೂ ಗೊತ್ತಿಲ್ಲ. ಆದರೆ ಯಾರಾದರೂ ಒಬ್ಬರು ಕೇಳಬೇಕಿತ್ತು ಅಂತ ಇಷ್ಟು ವರ್ಷದ ಮೇಲೆ ನಿನ್ನೆ ಅಳು ಬಂತು. ದೇವವ್ವ ಗ್ಯಾಸಿನ ಹೆದರಿಕೆಗೆ ಅಳುತ್ತಿದ್ದೇನೆ ಅಂದುಕೊಂಡು ನೀರು ತಂದುಕೊಟ್ಟಳು.

ಆಮೇಲೆ ಬರ್ನರ್ ಮತ್ತೆ ಕಳಚಿ, ವಿಭೂತಿ ತೊಳೆದು, ಪಿನ್ನಿನಿಂದ ಬಿಡಿಸಿ, ಹಿತ್ತಿಲ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದೆ. ಒಣಗಿದ ಮೇಲೆ ಅವನ ಹಾಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಎಲ್ಲ ತೂತಿನಲ್ಲೂ ಬೆಳಕಿತ್ತು. ನೀನು ಕೂರುತ್ತಿದ್ದ ಕಲ್ಲು ಕಂಡಿತು, ನೀನು ಇರಲಿಲ್ಲ. ಎದೆ ಒಡೆದುಹೋಯಿತು ಮಗಳೇ. ಅವನು ಹೋದಾಗ ಒಮ್ಮೆ ಒಡೆದಿತ್ತು, ಮತ್ತೆ ಒಡೆಯಲು ಅದರಲ್ಲಿ ಏನೂ ಉಳಿದಿಲ್ಲ ಅಂದುಕೊಂಡಿದ್ದೆ. ಈಗ ಉರಿ ನೀಲಿಯಾಗಿದೆ, ಇವತ್ತಿನ ರೊಟ್ಟಿ ಚೆನ್ನಾಗಿ ಉಬ್ಬಿದವು.

ನವರಾತ್ರಿಗೆ ರೊಟ್ಟಿಯ ಬೇಡಿಕೆ ಬಹಳ ಇದೆ, ದೇವವ್ವ ತನ್ನ ತಂಗಿಯನ್ನೂ ಕರೆತರುತ್ತಾಳಂತೆ. ಇಬ್ಬರೂ ಸೇರಿ ನನ್ನ ತಲೆ ತಿನ್ನಲು ಸಾಕು, ನನ್ನ ಚಿಂತೆ ನಿನಗೆ ಬೇಡ. ನಿನ್ನ ಅವ್ವನಿಗೆ ನನ್ನ ಶರಣು ಹೇಳು. ಅಪ್ಪನವರಿಗೂ ಹೇಳು, ಮಜ್ಜಿಗೆ ಅರ್ಧಕ್ಕೆ ಬಿಟ್ಟು ಎದ್ದದ್ದು ನನ್ನ ಮನಸ್ಸಿನಲ್ಲಿದೆ, ಮುಂದಿನ ಸಲ ಪೂರ್ತಿ ಕುಡಿಸಿಯೇ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ, ನಿನ್ನ ಮನಸ್ಸು ಎರಡೂ ತಂಪಾಗಿರಲಿ.

ನಿನ್ನ ಅತ್ತೆ,
ಅಮೃತವ್ವ

ತಾ.ಕ.: ಗದಗಕ್ಕೆ ಹೊರಟವರು ಪೋಸ್ಟಿಗೆ ಹಾಕುತ್ತೇನೆ ಅಂತ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪನಿಗೆ ಹೇಳು, ಅತ್ತೆ ಹೂಂ ಅಂದಳು ಅಂತ. ನನ್ನ ಒಲೆ ತಿಕ್ಕಲು ಹೊಳ್ಳಿ ಬರಬೇಡ, ನೋಡಬೇಕು ಅನ್ನಿಸಿದಾಗ ಬಾ. ಉಡಕಿಯ ದಿನ ನಿನಗೆ ಸೀರೆ ಉಡಿಸುವವಳು ನಾನೇ, ಬೆಟಗೇರಿಯ ಮಗ್ಗದ ಸೀರೆ ತರುತ್ತೇನೆ, ಬಣ್ಣ ಯಾವುದು ಬೇಕು ಅಂತ ಬರೆ. ಆ ಕಂಡಕ್ಟರಿಗೆ ಒಲೆ ತಿಕ್ಕಲು ಬರದಿದ್ದರೆ ಕಲಿಸು, ಬರ್ನರನ್ನು ಬಿಸಿಲಿಗೆ ಹಿಡಿದು ನೋಡುವುದನ್ನೂ ಕಲಿಸು. ಕೊಟ್ರೇಶನ ಪಿನ್ನನ್ನು ಈ ಪಾಕೀಟಿನಲ್ಲಿ ಇಟ್ಟಿದ್ದೆ. ಅಂಟು ಹಚ್ಚುವ ಮುಂಚೆ ತೆಗೆದುಬಿಟ್ಟೆ. ಅದು ನನ್ನ ಹತ್ತಿರವೇ ಇರಲಿ, ನೀನು ಹೊಸದು ತೊಗೊ.