ಗಿಡ್ಡ ಕುರ್ಚಿಯ ವಿಳಾಸಕ್ಕೆ ನಕ್ಷತ್ರ ಹಾಕಿದವರಿಗೆ

ಮಾನ್ಯ ಶುಲ್ಕಾಧಿಕಾರಿಗಳೇ,

ನಿಮ್ಮ ಹುದ್ದೆಯ ಸರಿಯಾದ ಹೆಸರೇನೋ ನನಗೆ ಗೊತ್ತಿಲ್ಲ. ಹಳೆಯ ಸಾಮಾನು ಮಾರುವ ನಿಮ್ಮ ಆ್ಯಪಿನಲ್ಲಿ ಎಷ್ಟು ತಡಕಾಡಿದರೂ ಒಬ್ಬ ಮನುಷ್ಯನ ಹುದ್ದೆಯಾಗಲಿ, ಮೇಜಾಗಲಿ, ಕಿಟಕಿಯಾಗಲಿ ಕಾಣಲಿಲ್ಲ. ಆದರೆ ಶುಲ್ಕ ಬದಲಾಗಿದೆ ಎಂದಮೇಲೆ ಬದಲಾಯಿಸಿದವರೊಬ್ಬರು ಇರಲೇಬೇಕಲ್ಲ, ಆ ಪುಣ್ಯಾತ್ಮರಿಗೆ ಈ ಪತ್ರ. ನನ್ನ ದೂರು ಇಷ್ಟೇ: ನಿಮ್ಮ ಹೊಸ ನಿಯಮದಿಂದಾಗಿ ನನ್ನ ಅಕ್ಕನ ಕುರ್ಚಿ ಮಾರಾಟವಾಗದೆ ಮನೆಯಲ್ಲೇ ಉಳಿದಿದೆ. ಅದರಲ್ಲಿ ಕೂರಬೇಕಾಗಿದ್ದ ತಾಯಿಯೊಬ್ಬರು ಇದೇ ಊರಿನಲ್ಲಿ ಎಲ್ಲೋ ಕಾಲು ನೇತಾಡಿಸಿಕೊಂಡು ಕೂತಿದ್ದಾರೆ. ನಿಮ್ಮ ದಾಖಲೆಯಲ್ಲಿ ನಾನು ಮೋಸಗಾರ್ತಿಯಾಗಿದ್ದೇನೆ. ಇದನ್ನು ಪತ್ರಿಕೆಯಲ್ಲಿ ಯಾಕೆ ಬರೆದಿರಿ ಎಂದು ಕೇಳಬೇಡಿ. ನಿಮ್ಮ ಬಾಗಿಲು ಎಲ್ಲಿದೆ ಎಂದು ಗೊತ್ತಿದ್ದರೆ ಅಲ್ಲಿಗೇ ಬಂದು ಬಡಿಯುತ್ತಿದ್ದೆ.

ಮೊದಲು ಕುರ್ಚಿಯ ವಿಷಯ ಹೇಳುತ್ತೇನೆ. ಅಕ್ಕ ಮತ್ತು ನಾನು ಹುಟ್ಟಿದಂದಿನಿಂದ ಒಂದೇ ಸೂರಿನ ಕೆಳಗೆ ಬಾಳಿದವರು. ಇಬ್ಬರೂ ಮದುವೆಯಾಗಲಿಲ್ಲ, ಯಾಕೆ ಎಂಬುದು ಇನ್ನೂ ನಿಮ್ಮ ಶುಲ್ಕದ ವ್ಯಾಪ್ತಿಗೆ ಬಂದಿಲ್ಲವಾದ್ದರಿಂದ ಬಿಟ್ಟುಬಿಡುತ್ತೇನೆ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದಳು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಚಿಕ್ಕಂದಿನಲ್ಲಿ ಒಂದು ಬಾಚಣಿಗೆಗಾಗಿ ಇಬ್ಬರೂ ಜುಟ್ಟು ಹಿಡಿದುಕೊಂಡು ಕಾದಾಡಿದೆವಂತೆ. ಅವತ್ತು ನಮ್ಮಮ್ಮ ಒಂದು ಕಾನೂನು ಮಾಡಿದಳು: ಈ ಮನೆಗೆ ಏನು ಬಂದರೂ ಎರಡು ಬರಬೇಕು. ಅಮ್ಮ ಹೋದಮೇಲೂ ನಾವು ಆ ಕಾನೂನು ಮುರಿಯಲಿಲ್ಲ. ಎರಡು ಕೊಡೆ, ಎರಡು ಟಾರ್ಚು, ಎರಡು ರೇಡಿಯೋ, ಕೈಯಿರುವ ಎರಡು ಮರದ ಕುರ್ಚಿ. ನೋಡಿದವರು ನಗುತ್ತಿದ್ದರು, ನಮಗೆ ಅದರಿಂದ ಕೂದಲೂ ಕೊಂಕಲಿಲ್ಲ.

ಅಕ್ಕ ಕುಳ್ಳಿ. ಕುರ್ಚಿಯಲ್ಲಿ ಕೂತರೆ ಅವಳ ಪಾದ ನೆಲಕ್ಕೆ ತಾಗುತ್ತಿರಲಿಲ್ಲ, ತೊಡೆ ಜೋಮು ಹಿಡಿಯುತ್ತಿತ್ತು. ಒಂದು ದಿನ ಬಡಗಿಯನ್ನು ಕರೆಸಿ ತನ್ನ ಕುರ್ಚಿಯ ನಾಲ್ಕೂ ಕಾಲನ್ನು ಎರಡೆರಡು ಬೆರಳು ಕೊಯ್ಯಲು ಹೇಳಿದಳು. ಆತ ಗರಗಸ ಕೈಯಲ್ಲಿ ಹಿಡಿದು, "ಒಳ್ಳೇ ಮರ ಹಾಳ್ಮಾಡ್ತೀರಲ್ಲಮ್ಮ, ಕಾಲಡಿಗೆ ಒಂದು ಮಣೆ ಇಟ್ಕೊಂಡ್ರೆ ಆಗಲ್ವಾ?" ಎಂದು ಗೋಗರೆದ. ಅಕ್ಕ ಸೊಂಟದ ಮೇಲೆ ಕೈ ಇಟ್ಟು, "ಕುರ್ಚಿ ನನ್ನ ಅಳತೆಗೆ ಬರ್ಲಿ. ನಾನ್ಯಾಕಪ್ಪ ಅದರ ಅಳತೆಗೆ ಬರ್ಬೇಕು?" ಎಂದಳು. ನಾನು ನಕ್ಕಿದ್ದಕ್ಕೆ ನನ್ನ ಕಡೆ ತಿರುಗಿ, "ನಿನಗೆ ಕಾಲು ಉದ್ದ, ನನಗೆ ನಾಲಿಗೆ ಉದ್ದ, ಸಮಸಮ ಆಯ್ತು ಬಿಡೇ" ಎಂದಳು. ಅವತ್ತಿನಿಂದ ಎದುರುಬದುರು ಕೂತಾಗಲೆಲ್ಲ ನನಗೆ ಅವಳ ನೆತ್ತಿಯ ಬೈತಲೆ ಕಾಣುತ್ತಿತ್ತು. ಆ ಬೈತಲೆ ಯಾವಾಗಲೂ ಸೊಟ್ಟಗೇ ಇರುತ್ತಿತ್ತು.

ಅಕ್ಕ ಹೋಗಿ ಎರಡು ವರ್ಷವಾಗುತ್ತಾ ಬಂತು. ಎಲ್ಲವೂ ಎರಡಿರುವ ಮನೆಯಲ್ಲಿ ಒಬ್ಬರೇ ಉಳಿದರೆ ಏನಾಗುತ್ತದೆ ಎಂದು ನಿಮಗೆ ಅಂದಾಜಿದೆಯೇ? ಯಾವ ಕಪಾಟು ತೆಗೆದರೂ ಒಂದು ವಸ್ತು ಹೆಚ್ಚಿಗೆ ಇರುತ್ತದೆ. ಕೊಡೆ ತೆಗೆದುಕೊಂಡರೆ ಇನ್ನೊಂದು ಕೊಡೆ ಅಲ್ಲೇ ನೇತಾಡುತ್ತದೆ. ನನ್ನ ಗೋಳು ನೋಡಲಾರದೆ, ನಮ್ಮ ಕಟ್ಟಡದ ಕೆಳಗಿರುವ ಔಷಧಿ ಅಂಗಡಿಯವನು ನನ್ನ ಫೋನಿಗೆ ನಿಮ್ಮ ಆ್ಯಪ್ ಹಾಕಿಕೊಟ್ಟ. "ಫೋಟೋ ಹಾಕಿ ಆಂಟಿ, ಬೇಕಾದವರು ಬಂದು ತಗೊಂಡು ಹೋಗ್ತಾರೆ. ಮನೇಲಿರೋ ಸಾಮಾನಿಗೆ ಅವರು ಒಂದು ಪೈಸೆ ಕೇಳಲ್ಲ" ಎಂದ. ಆಗ ನಿಮ್ಮ ನಿಯಮ ಹಾಗೇ ಇತ್ತು.

ಮತ್ತು ಜನ ನಿಜವಾಗಿಯೂ ಬಂದರು! ಅಕ್ಕನ ಮಳೆಕೋಟಿಗೆ ನರ್ಸ್ ಒಬ್ಬಳು ಬಂದು, ನನ್ನ ಕನ್ನಡಿಯ ಮುಂದೆ ತೊಟ್ಟು, ತಿರುಗಿ ತಿರುಗಿ ನೋಡಿಕೊಂಡು, ತನ್ನ ವಾರ್ಡಿನ ಕಥೆಯನ್ನೆಲ್ಲ ಹೇಳಿ ಹೋದಳು. ರೇಡಿಯೋಗೆ ಬಂದ ಮುದುಕ ನನ್ನ ಸೋರುವ ನಲ್ಲಿಯ ಸದ್ದು ಕೇಳಲಾರದೆ ಎದ್ದು ಹೋಗಿ ಅದನ್ನೇ ಬಿಗಿ ಮಾಡಿಕೊಟ್ಟ. ಒಬ್ಬ ಗಂಡ, ಹೆಂಡತಿ ಟಾರ್ಚು ಬೇಕೋ ಬೇಡವೋ ಎಂದು ನನ್ನ ಪಡಸಾಲೆಯಲ್ಲೇ ಜಗಳವಾಡಿ, ಕೊನೆಗೆ ನನ್ನನ್ನೇ ನ್ಯಾಯ ಹೇಳಿ ಎಂದರು. ನಾನು ಎಲ್ಲವನ್ನೂ ಕಡಿಮೆ ಬೆಲೆಗೆ ಕೊಟ್ಟೆ. ವ್ಯಾಪಾರ ಗೊತ್ತಿಲ್ಲದ ಪೆದ್ದಿ ಎಂದು ನೀವು ಮೂಗು ಮುರಿಯಬಹುದು. ಸ್ವಾಮಿ, ನಾನು ಮಾರುತ್ತಿದ್ದದ್ದು ದುಡ್ಡಿಗಲ್ಲ. ಯಾರಾದರೂ ಬಾಗಿಲಿಗೆ ಬರಲಿ, ಒಳಗೆ ಕೂತು ಎರಡು ಮಾತಾಡಲಿ ಎಂಬ ಆಸೆಗೆ ಮಾರುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೆ ನಿಜ ಅದೇ. ನನ್ನನ್ನು "ಏನೇ" ಎಂದು ಕೂಗುವವರು ಈಗ ಈ ಮನೆಯಲ್ಲಿ ಯಾರೂ ಇಲ್ಲ.

ಅಷ್ಟರಲ್ಲಿ ನಿಮ್ಮ ಪ್ರಕಟಣೆ ಬಂತು. "ನಿಮ್ಮ ಅನುಭವವನ್ನು ಇನ್ನಷ್ಟು ಸುಂದರಗೊಳಿಸಲು" ಎಂದು ಆರಂಭವಾಗಿತ್ತು, ಪಕ್ಕದಲ್ಲಿ ಹೂವಿನ ಚಿತ್ರ. ಹೂವು ನೋಡಿದ ಕೂಡಲೇ ಕನ್ನಡಕ ಹಾಕಿಕೊಂಡೆ. ಖಾಸಗಿ ಮಾರಾಟಗಾರರಿಗೆ ಶುಲ್ಕ ಇಲ್ಲವೇ ಇಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಿರಿ. ಆದರೆ ಸಣ್ಣ ಅಕ್ಷರದಲ್ಲಿದ್ದದ್ದೇ ಬೇರೆ: ಕೊಳ್ಳುವವರು "ರಕ್ಷಣಾ ಶುಲ್ಕ" ಕೊಡಬೇಕು, ಸಾಮಾನು ನಿಮ್ಮ ಕೊರಿಯರಿನಲ್ಲೇ ಹೋಗಬೇಕು, ಅದರ ತೂಕಕ್ಕೆ ತಕ್ಕ ಸಾಗಣೆ ಬೇರೆ. ಸ್ವತಃ ಬಂದು ನೋಡಿ ಒಯ್ಯುವ ಸೌಲಭ್ಯವನ್ನು "ಸರಳೀಕರಿಸಿ" ತೆಗೆದುಹಾಕಲಾಗಿದೆ. ಯಾರೂ ಶುಲ್ಕ ತಪ್ಪಿಸಬಾರದೆಂದು, ಸಂದೇಶದಲ್ಲಿ ವಿಳಾಸವೋ ಫೋನ್ ನಂಬರೋ ಬರೆದರೆ ಅದರ ಜಾಗದಲ್ಲಿ ನಕ್ಷತ್ರ ಬೀಳುತ್ತದೆ. ಕೊರಿಯರಿನಲ್ಲಿ ಹೋದರೆ ನನ್ನ ಕುರ್ಚಿಯ ಬೆಲೆಗಿಂತ ಅದರ ಪ್ರಯಾಣದ ಖರ್ಚೇ ಹೆಚ್ಚು. ನಾನು ಇಡೀ ಜೀವಮಾನದಲ್ಲಿ ಅಷ್ಟು ದುಬಾರಿ ಪ್ರಯಾಣ ಮಾಡಿಲ್ಲ.

ನಾನು ಹಟಮಾರಿಯಲ್ಲ. ನಿಮ್ಮ ಕಚೇರಿಗೂ ಬಾಡಿಗೆ ಇರುತ್ತದೆ, ನಿಮ್ಮ ನೌಕರರಿಗೂ ಹೊಟ್ಟೆ ಇರುತ್ತದೆ. ಮೋಸಗಾರರೂ ಇದ್ದಾರೆ, ಖಾಲಿ ಡಬ್ಬಿ ಕಳಿಸಿ ಕಣ್ಣಿಗೆ ಮಣ್ಣೆರಚುವವರನ್ನು ತಡೆಯಬೇಕು, ಒಪ್ಪಿದೆ. ಶುಲ್ಕ ಎಂದರೆ ಏನು ಎಂದು ನನಗೂ ಗೊತ್ತು. ಎಕ್ಸ್‌ಚೇಂಜಿನಲ್ಲಿ ನಾವು ಮಾಡುತ್ತಿದ್ದದ್ದೂ ಅದನ್ನೇ. ನಮಗೆ ಗುರುತು ಪರಿಚಯವಿಲ್ಲದ ಇಬ್ಬರನ್ನು ಸೇರಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದೆವು. ದೂರದ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿದವರು ಮನೆಯಲ್ಲಿ ಕಾದು ಕೂತಿರುತ್ತಿದ್ದರು, ನಾನು ಲೈನ್ ಕೊಟ್ಟು, "ಮಾತಾಡಿ" ಎನ್ನುತ್ತಿದ್ದೆ. ಆ ಕಡೆ "ಹಲೋ" ಕೇಳಿಸಿದ ಮೇಲೇ ನಮ್ಮ ಲೆಕ್ಕ ಶುರು. ಲೈನ್ ಸಿಗದಿದ್ದರೆ ಯಾರಿಂದಲೂ ಬಿಡಿಗಾಸೂ ಕೇಳುವಂತಿರಲಿಲ್ಲ. ನೀವು ಹೊಸ ವಿದ್ಯೆ ಕಲಿತಿದ್ದೀರಿ. ಇಬ್ಬರೂ ಲೈನಿನಲ್ಲಿದ್ದಾರೆ, ಇಬ್ಬರಿಗೂ ಮಾತಾಡಬೇಕಿದೆ, ನೀವು ನಡುವೆ ಕೂತು ಇಬ್ಬರ ಬಾಯಿಗೂ ಬೀಗ ಹಾಕಿ, ಬೀಗದ ಬಾಡಿಗೆ ಕೇಳುತ್ತಿದ್ದೀರಿ. ನಮ್ಮ ಸೂಪರ್‌ವೈಸರ್ ಇದ್ದಿದ್ದರೆ ಆ ಕ್ಷಣವೇ ನಿಮ್ಮ ಹೆಡ್‌ಫೋನ್ ಕಿತ್ತುಕೊಳ್ಳುತ್ತಿದ್ದರು.

ಈಗ ನಿಮ್ಮ ದಾಖಲೆಯಲ್ಲಿ "ಉಲ್ಲಂಘನೆ" ಎನಿಸಿಕೊಂಡಿರುವ ಘಟನೆಗೆ ಬರುತ್ತೇನೆ. ಮಾರಲು ಕೊನೆಗೆ ಉಳಿದದ್ದು ಕುರ್ಚಿ. ಅದನ್ನು ಮಾರಲು ಮನಸ್ಸಾಗಿರಲಿಲ್ಲ, ಆದರೆ ದಿನವೂ ಖಾಲಿ ಕುರ್ಚಿಯ ಎದುರು ಕೂತು ಊಟ ಮಾಡುವುದು ನನ್ನಿಂದಾಗಲಿಲ್ಲ. ಫೋಟೋ ಹಾಕಿ, ಕಾಲು ಎರಡು ಬೆರಳು ಗಿಡ್ಡ ಎಂದು ಪ್ರಾಮಾಣಿಕವಾಗಿ ಬರೆದೆ. ಬಹಳ ಜನ ಅದನ್ನು ಓದಿ ಮುಂದೆ ಹೋದರು. ಒಬ್ಬರು ಮಾತ್ರ ಆ ಗಿಡ್ಡ ಕಾಲಿಗೆಂದೇ ಬರೆದರು. ಅವರು ಶಾಲೆಯ ಬಸ್ಸು ಓಡಿಸುತ್ತಾರಂತೆ.

"ಮೇಡಂ, ನಮ್ಮಮ್ಮ ತುಂಬಾ ಕುಳ್ಳಗೆ. ಯಾವ ಕುರ್ಚೀಲಿ ಕೂತ್ರೂ ಕಾಲು ನೇತಾಡುತ್ತೆ, ಊದ್ಕೊಳ್ಳುತ್ತೆ. ಒಂದ್ಸಲ ಕರ್ಕೊಂಡ್ಬಂದು ಕೂರಿಸಿ ನೋಡ್ಬಹುದಾ?"

ಅದನ್ನು ಓದಿ ನನ್ನ ಕಣ್ಣು ತುಂಬಿತು. ಅಕ್ಕನ ಪಾದ ತಾಗುತ್ತಿದ್ದ ಕಡೆ ಇನ್ನೊಬ್ಬರ ಪಾದ ತಾಗುವುದಾದರೆ ಕುರ್ಚಿ ಹೋದರೂ ಹೋದಂತಲ್ಲ ಅನ್ನಿಸಿತು. ಭಾನುವಾರ ಧಾರಾಳವಾಗಿ ಕರೆದುಕೊಂಡು ಬನ್ನಿ ಎಂದು ವಿಳಾಸ ಬರೆದೆ. ಅವರಿಗೆ ಹೋದದ್ದು ನಕ್ಷತ್ರ. "ಬರೀ ಚುಕ್ಕಿ ಬಂತು ಮೇಡಂ" ಎಂದರು. ಫೋನ್ ನಂಬರನ್ನು ಅಕ್ಷರದಲ್ಲಿ ಬರೆದೆ, ಮತ್ತೆ ನಕ್ಷತ್ರ. ಔಷಧಿ ಅಂಗಡಿಯವನನ್ನು ಕೇಳಿದರೆ, "ಅದನ್ನ ಮನುಷ್ಯರು ಓದಲ್ಲ ಆಂಟಿ, ಮಷೀನು ಓದೋದು. ನೀವು ಸುತ್ತಿಬಳಸಿ ಹೇಳಿ" ಎಂದ. ಏಳು ಕೆರೆ ನೀರು ಕುಡಿದವಳು ನಾನು, ಮಷೀನಿಗೆ ಸೋಲುತ್ತೇನೆಯೇ? "ಕೆಮ್ಮಿಗೆ ಸಿರಪ್ ಕೊಡುವವರ ತಲೆಯ ಮೇಲೆ ವಾಸ ಮಾಡುತ್ತೇನೆ" ಎಂದು ಬರೆದೆ. ಅದು ಮಾತ್ರ ಸಲೀಸಾಗಿ ದಾಟಿತು! ಆ ಮಹಾನುಭಾವರು, "ಅಯ್ಯೋ, ನಿಮಗೆ ಹುಷಾರಿಲ್ವಾ ಮೇಡಂ?" ಎಂದು ಕೇಳಿದರು. ಎಷ್ಟೋ ದಿನವಾದ ಮೇಲೆ ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಇನ್ನೊಮ್ಮೆ ಬಿಡಿಸಿ ಹೇಳಲು ಹೋದಾಗ, ಶುಲ್ಕ ತಪ್ಪಿಸಲು ಯತ್ನಿಸಿದ್ದಕ್ಕಾಗಿ ನನ್ನ ಖಾತೆಯನ್ನು ಸ್ಥಗಿತಗೊಳಿಸಲಾಗಿದೆ ಎಂದು ಕೆಂಪು ಪಟ್ಟಿಯೊಂದು ಬಂತು. ನನ್ನ ಕಡೆಯಿಂದ ಅವರಿಗೆ ಏನೂ ಹೋಗದು, ಆ ಕಡೆಯಿಂದ ಬಂದದ್ದು ಮಾತ್ರ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಅವರ ಕೊನೆಯ ಸಂದೇಶ ಬಂತು: "ಮೇಡಂ, ಅಮ್ಮ ತಲೆ ಬಾಚ್ಕೊಂಡು, ಚಪ್ಪಲಿ ಹಾಕ್ಕೊಂಡು ರೆಡಿಯಾಗಿ ಕೂತಿದ್ದಾರೆ. ಎಲ್ಲಿಗೆ ಬರ್ಲಿ ಹೇಳಿ."

ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಕೊಡಲಿಲ್ಲ ಎಂದೇ ಅವರು ತಿಳಿದಿರುತ್ತಾರೆ, ಕೊಡಲಾಗಲಿಲ್ಲ ಎಂದು ಅವರಿಗೆ ಹೇಳುವವರು ಯಾರು? ಆ ತಾಯಿ ಎಷ್ಟು ಹೊತ್ತು ಚಪ್ಪಲಿ ಹಾಕಿಕೊಂಡು ಕೂತಿದ್ದರೋ. ಕರೆದು ಕೈಕೊಟ್ಟವಳು ಎಂದು ನನ್ನನ್ನು ಬೈದುಕೊಂಡಿರಬಹುದು. ನಿಮ್ಮ ಸಹಾಯವಾಣಿಗೆ ಬರೆದೆ. "ನಮಸ್ಕಾರ, ನಿಮಗೆ ನೆರವಾಗಲು ನಮಗೆ ಹರ್ಷ" ಎಂದಿತು. ನಡೆದದ್ದನ್ನೆಲ್ಲ ಹೇಳಿಕೊಂಡೆ. ಮತ್ತೆ ಅದಕ್ಕೆ ಹರ್ಷವಾಯಿತು. ಕೊನೆಗೆ, ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು. ನನ್ನ ವಿಳಾಸಕ್ಕೆ ನೀವು ಹಾಕಿದಷ್ಟನ್ನೂ ವಾಪಸು ಇಟ್ಟುಕೊಳ್ಳಿ ಎಂದು ಬರೆದೆ. ಅದೂ ಹೋಗಲಿಲ್ಲ.

ಗುಜರಿಯವನಿಗೆ ಕೊಟ್ಟುಬಿಡಿ ಎಂದು ಔಷಧಿ ಅಂಗಡಿಯವನು ಒಬ್ಬನನ್ನು ಕಳಿಸಿದ. ಅವನು ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ, "ಕಾಲಿಗೆ ತುಂಡು ಜೋಡಿಸಿ ಎತ್ತರ ಮಾಡಿದ್ರೆ ಹೋಗುತ್ತೆ ಬಿಡಿ" ಎಂದ. ನನಗೆಲ್ಲಿತ್ತೋ ಸಿಟ್ಟು, "ಕೆಳಗಿಡ್ರೀ ಅದನ್ನ!" ಎಂದು ಕೂಗಿಬಿಟ್ಟೆ. ಪಾಪ, ಆತ ಹೆದರಿ ಹೊರಟುಹೋದ. ಅಕ್ಕ ಹಟ ಹಿಡಿದು ಕೊಯ್ಯಿಸಿದ ಎರಡು ಬೆರಳನ್ನು ನಾನು ಹೇಗೆ ವಾಪಸು ಅಂಟಿಸಲು ಬಿಡಲಿ?

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಕೇಳಿ. ಸ್ವಂತ ಮನೆಯ ಸಾಮಾನು ಮಾರುವವರಿಗೂ ಕೊಳ್ಳುವವರಿಗೂ ಮುಖ ನೋಡಿಕೊಳ್ಳುವ ದಾರಿಯನ್ನು ಮತ್ತೆ ತೆರೆಯಿರಿ. ಅದಕ್ಕೂ ಶುಲ್ಕ ಬೇಕೆಂದರೆ ಹಾಕಿಕೊಳ್ಳಿ, "ಬಾಗಿಲು ಶುಲ್ಕ" ಎಂದು ಹೆಸರಿಡಿ, ನಾನು ತೆಪ್ಪಗೆ ಕಟ್ಟುತ್ತೇನೆ. ಕುರ್ಚಿ ಕೊರಿಯರಿನಲ್ಲಿ ಹೋಗಿದ್ದರೆ ನಿಮಗೆ ಎಷ್ಟು ಸಿಗುತ್ತಿತ್ತೋ ಅಷ್ಟನ್ನೂ ನನ್ನಿಂದಲೇ ವಸೂಲು ಮಾಡಿ. ಆದರೆ ಆ ಚಾಲಕರಿಗೆ ನನ್ನ ಒಂದು ಸಂದೇಶ ತಲುಪಿಸಿ. ನೀವು ತಲುಪಿಸುತ್ತೀರಿ ಎಂಬ ನಂಬಿಕೆ ನನಗಿಲ್ಲ. ಈ ಪತ್ರಿಕೆಯವರು ಮಾತ್ರ ನನ್ನ ಮಾತಿಗೆ ನಕ್ಷತ್ರ ಹಾಕುವುದಿಲ್ಲ ಎಂದು ಒಪ್ಪಿದ್ದಾರೆ, ಆದ್ದರಿಂದ ನಿಮ್ಮ ಎದುರಿಗೇ ಹೇಳಿಬಿಡುತ್ತೇನೆ. ಕಳ್ಳರು ಓದಿದರೂ ಚಿಂತೆಯಿಲ್ಲ, ಕದಿಯುವಂಥದ್ದನ್ನೆಲ್ಲ ನಿಮ್ಮ ಆ್ಯಪಿನಲ್ಲೇ ಮಾರಿಯಾಗಿದೆ.

ಶಾಲೆಯ ಬಸ್ಸು ಓಡಿಸುವ ತಮ್ಮಾ, ನಾನು ಹುಷಾರಾಗಿಯೇ ಇದ್ದೇನೆ, ಕೆಮ್ಮಿಲ್ಲ. ಹಳೆಯ ಸೇತುವೆ ದಾಟಿ ಬಲಕ್ಕೆ ಮೊದಲ ಬೀದಿ, ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು, ಎರಡನೇ ಮಹಡಿ, ಹಸಿರು ಬಾಗಿಲು. ಅಮ್ಮನಿಗೆ ಮೆಟ್ಟಿಲು ಕಷ್ಟವಾದರೆ ಅಂಗಡಿಯವನಿಗೆ ಹೇಳಿ, ಕುರ್ಚಿಯನ್ನೇ ಕೆಳಗೆ ತರುತ್ತೇನೆ. ಆದರೆ ನಿಧಾನವಾಗಿ ಹತ್ತಿಸಿಕೊಂಡು ಮೇಲೆ ಬಂದರೆ ನನಗೆ ಸಂತೋಷ. ಕರೆಗಂಟೆ ಕೆಟ್ಟಿದೆ. ಒತ್ತುವವರು ಯಾರು ಎಂದು ರಿಪೇರಿ ಮಾಡಿಸಿಲ್ಲ, ಜೋರಾಗಿ ಬಾಗಿಲು ತಟ್ಟಿ. ಯಾವ ಭಾನುವಾರವಾದರೂ ಸರಿ. ಕುರ್ಚಿಗೆ ದುಡ್ಡು ಬೇಡ. ಅಮ್ಮ ಕೂತು, ಪಾದ ನೆಲಕ್ಕೆ ತಾಗುತ್ತದೋ ಇಲ್ಲವೋ ಹೇಳಲಿ. ಎದುರಿಗಿರುವ ಉದ್ದ ಕಾಲಿನ ಕುರ್ಚಿಯಲ್ಲಿ ನಾನು ಕೂತಿರುತ್ತೇನೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಶುಲ್ಕ ತಪ್ಪಿಸಲು ಹೊರಟವಳು,
ಈ ಮನೆಯ ಲೆಕ್ಕದಲ್ಲಿ ಕುಳ್ಳಿಯ ತಂಗಿ